ಚಾವಣಿ ರಿಪೇರಿಯ ಎರಡು ತಿಂಗಳು

ಆಸ್ಪತ್ರೆಯ ಅಂಕಿಅಂಶ ಕೋಣೆಯಲ್ಲಿ ಅವಳಿಗೆ ಕೆಲಸ ಕಲಿಸಿದವನು ಅಂಕಿಯಣ್ಣ. ಎಲ್ಲರ ಬಾಯಲ್ಲೂ ಅವನಿಗೆ ಅದೇ ಹೆಸರು. ಮೊದಲ ದಿನವೇ ಅವಳ ಕುರ್ಚಿಯ ಹಿಂದೆ ನಿಂತು ಹೇಳಿದ್ದ: "ನೋಡು ತಂಗಿ, ಖಾಲಿ ಬೇರೆ, ಸೊನ್ನೆ ಬೇರೆ. ಬಾಗಿಲು ತೆಗೆದಿದ್ರೂ ಯಾರೂ ಬರಲಿಲ್ಲ ಅಂದ್ರೆ ಸೊನ್ನೆ. ಬಾಗಿಲೇ ಮುಚ್ಚಿತ್ತು ಅಂದ್ರೆ ಖಾಲಿ. ಇವೆರಡನ್ನ ಕಲಸಿದವನು ಈ ಕೆಲಸಕ್ಕೆ ನಾಲಾಯಕ್ಕು." ಆ ಮಾತನ್ನು ಅವಳು ಕಣ್ಣುಮುಚ್ಚಿ ನಂಬಿದಳು, ಪಾಪ.

ಈಗ ಹೆರಿಗೆ ವಾರ್ಡನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ಹೊರಗಿನಿಂದ ಸಮಿತಿ ಬರುವುದಿತ್ತು. ಅವರಿಗೆ ತೋರಿಸಲು ತಿಂಗಳುವಾರು ಹೆರಿಗೆಗಳ ಗ್ರಾಫ್ ಬರೆಯುವ ಕೆಲಸ ಅವಳ ಪಾಲಿಗೆ ಬಂತು. ಅವಳ ಅಕ್ಕ ಆ ವಾರ್ಡಿನಲ್ಲೇ ನರ್ಸು.

"ನಿನ್ನ ಗ್ರಾಫ್ ಮೇಲೆ ನಮ್ಮ ಅನ್ನ ನಿಂತಿದೆ ಕಣೇ. ಸುಳ್ಳು ಬರಿ ಅಂತಿಲ್ಲ, ಇದ್ದಿದ್ದು ಇದ್ದ ಹಾಗೆ ಬರಿ, ಸಾಕು" ಎಂದಳು ಅಕ್ಕ.

ಹಾಗೇ ಬರೆದಳು. ಹೆರಿಗೆಗಳ ಗೆರೆ ನಿಧಾನವಾಗಿ ಏರುತ್ತಿತ್ತು. ಚಾವಣಿ ರಿಪೇರಿಗೆಂದು ವಾರ್ಡ್ ಮುಚ್ಚಿದ್ದ ಕೊನೆಯ ಎರಡು ತಿಂಗಳ ಜಾಗವನ್ನು ಖಾಲಿ ಬಿಟ್ಟು 'ರಿಪೇರಿ' ಎಂದು ಸೇರಿಸಿದಳು.

"ಫೈಲ್ ಕೊಡು ತಂಗಿ, ಬಣ್ಣ ಸ್ವಲ್ಪ ಹೊಂದಿಸ್ತೀನಿ" ಎಂದ ಅಂಕಿಯಣ್ಣ. ಕೊಟ್ಟಳು.

ಸಭೆಯ ಪರದೆಯ ಮೇಲೆ ಬಣ್ಣವೇನೋ ಹಾಗೇ ಇತ್ತು. ಏರುತ್ತಿದ್ದ ಗೆರೆ ಮಾತ್ರ ಕೊನೆಗೆ ಧೊಪ್ಪನೆ ಸೊನ್ನೆಗೆ ಬಿದ್ದು ನೆಲಕ್ಕಂಟಿತ್ತು. 'ರಿಪೇರಿ' ಮಾಯ. ಖಾಲಿ ಇದ್ದಲ್ಲಿ ಸೊನ್ನೆ ತೋರಿಸು ಎಂದು ಒಂದು ಗುಂಡಿ ಒತ್ತಿದರೆ ಸಾಕು, ಅಷ್ಟೇ ಕಷ್ಟ ಆ ಮಹಾನುಭಾವನಿಗೆ. ಕೆಳಗೆ 'ತಯಾರಿಸಿದವರು' ಎಂದು ಇವಳ ಹೆಸರು ಭದ್ರವಾಗಿ ಕೂತಿತ್ತು.

ಅವಳು ಎದ್ದು ನಿಂತಳು. "ಅದು ಸೊನ್ನೆ ಅಲ್ಲ ಸಾರ್. ವಾರ್ಡೇ ಮುಚ್ಚಿತ್ತು."

ಸಮಿತಿಯವರು ಅಂಕಿಯಣ್ಣನ ಕಡೆ ತಿರುಗಿದರು. ಅವನು ಮೆತ್ತಗೆ ಹೇಳಿದ: "ಇವರ ಅಕ್ಕ ಅದೇ ವಾರ್ಡಲ್ಲಿದ್ದಾರೆ ಸಾರ್. ಸಂಕಟ ಆಗೋದು ಸಹಜ."

ಎಲ್ಲರೂ ಅವಳನ್ನು ಕನಿಕರದಿಂದ ನೋಡಿ, ವಾರ್ಡ್ ಮುಚ್ಚಲು ಕೈ ಎತ್ತಿದರು. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ.

ಹೊರಗೆ ಮೆಟ್ಟಿಲ ಬಳಿ ಅವನನ್ನು ಅಡ್ಡಗಟ್ಟಿದಳು. "ಯಾಕಣ್ಣ?"

"ಮುಚ್ಚೋದು ಅಂತ ಮೇಲಿನವರು ಮೊದಲೇ ತೀರ್ಮಾನ ಮಾಡಿದ್ರು ತಂಗಿ. ನನ್ನ ಕುರ್ಚಿನೂ ಉಳೀಬೇಕಲ್ಲ."

ಈಗಲೂ ತಂಗಿ ಅನ್ನುತ್ತಾನಲ್ಲ ಎಂದು ಅವಳ ಮೈ ಉರಿಯಿತು.

ವಾರ್ಡಿಗೆ ಹೋದಾಗ ಅಕ್ಕ ಹಾಸಿಗೆಯ ಹೊದಿಕೆಗಳನ್ನು ಮಡಚುತ್ತಿದ್ದಳು. ಗ್ರಾಫ್ ಆಗಲೇ ಅವಳ ಫೋನಿಗೆ ಬಂದಿತ್ತು.

"ಕೆಳಗೆ ನಿನ್ನ ಹೆಸರಿದೆ."

"ನಾನು ಖಾಲಿ ಬಿಟ್ಟಿದ್ದೆ ಅಕ್ಕ. ಅವನು ಬದಲಾಯಿಸಿದ."

"ಅವನ ಕೈಗೆ ಕೊಟ್ಟೋರು ಯಾರು?"

"ನಂಬಿ ಕೊಟ್ಟೆ."

"ನಾನೂ ನಿನ್ನ ನಂಬಿದ್ದೆ" ಎಂದು ಅಕ್ಕ ಇನ್ನೊಂದು ಹೊದಿಕೆ ಎತ್ತಿಕೊಂಡಳು.