ನಿಂತ ಸೈಕಲ್‌ಗಳ ಲೆಕ್ಕ

ಮೊಣಕಾಲು ಕೈಕೊಟ್ಟರೆ ಊರು ದೊಡ್ಡದಾಗಿಬಿಡುತ್ತೆ ಕಣ್ರೀ. ನಿನ್ನೆಯವರೆಗೆ ಪಕ್ಕದಲ್ಲೇ ಇದ್ದ ಔಷಧಿ ಅಂಗಡಿ ಇದ್ದಕ್ಕಿದ್ದ ಹಾಗೆ ಅಷ್ಟು ದೂರ ಹೋಗಿ ಕೂತುಬಿಡುತ್ತೆ. ನಮ್ಮ ಬೀದಿಯಲ್ಲಿ ಮೊಣಕಾಲು ನೋವಿಲ್ಲದ ಮನೆ ಹುಡುಕಬೇಕು. ನಾನೂ ಆ ಸಾಲಿನವಳೇ.

ನಾನು ಹೊಲಿಗೆಯವಳು. ಹೊಸ ಬಟ್ಟೆ ಹೊಲಿಯೋದು ಕಮ್ಮಿ. ಪ್ಯಾಂಟಿನ ಉದ್ದ ಕತ್ತರಿಸೋದು, ಹರಿದ ಜೇಬು, ಕೆಟ್ಟ ಜಿಪ್, ಇವೇ ನನ್ನ ಕೆಲಸ. ಜಿಪ್ ಕೂರಿಸೋದರಲ್ಲಿ ಎತ್ತಿದ ಕೈ ಅಂತ ಎಲ್ಲರೂ ನನ್ನನ್ನ ಜಿಪ್ಪಮ್ಮ ಅಂತಾರೆ. ಅನ್ನಲಿ ಬಿಡಿ. ಯಜಮಾನರು ಹೋಗಿ ಆರು ವರ್ಷ ಆಯ್ತು. ಮಗ ಬ್ರೆಡ್ ವ್ಯಾನ್ ಓಡಿಸ್ತಾನೆ. ಮಧ್ಯಾಹ್ನ ಹನ್ನೆರಡಕ್ಕೆ ಹೊರಟರೆ ಬರೋದು ರಾತ್ರಿ ಎಂಟಕ್ಕೆ. ಬ್ರೆಡ್ಡಿಗೆ ಭಾನುವಾರ ಅಂತ ಏನಿಲ್ಲ. ಉಳಿದಂತೆ ಮನೆಯಲ್ಲಿ ನಾನು, ನನ್ನ ಮಿಷನ್ನು. ಮಿಷನ್ ನಿಲ್ಲಿಸಿದರೆ ಗೋಡೆ ಗಡಿಯಾರದ ಸದ್ದು ಕಿವಿಗೆ ಬಡಿಯುತ್ತೆ. ಅದಕ್ಕೇ ನಾನು ನಿಲ್ಲಿಸೋದೇ ಇಲ್ಲ.

ನನಗೆ ಒಬ್ಬಳೇ ಅಕ್ಕ. ಲಕ್ವ ಹೊಡೆದು ಒಂದು ಕಡೆ ಮೈ ಬಿದ್ದುಹೋಗಿದೆ, ಮಾತೂ ನಿಂತಿದೆ. ರೈಲು ಹಳಿಯ ಆಚೆ ಒಂದು ಆರೈಕೆ ಕೇಂದ್ರ ಇದೆ, ಅಲ್ಲಿದ್ದಾಳೆ. ನಮ್ಮ ಮನೆಯಿಂದ ಮೂರು ಕಿಲೋಮೀಟರು. ನೋಡೋಕೆ ಬಿಡೋದು ನಾಲ್ಕರಿಂದ ಐದು ಗಂಟೆ, ಅಷ್ಟೇ. ಬಸ್ಸು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಗುತ್ತೆ, ಅಲ್ಲಿಂದ ಗೇಟಿನವರೆಗೆ ನಡೀಬೇಕು. ನನ್ನ ಕಾಲಿಗೆ ಅದು ಆಗದ ಮಾತು.

ಆರೋಗ್ಯ ಕೇಂದ್ರದ ನರ್ಸ್ ಒಬ್ಬಳಿದ್ದಾಳೆ. ತಿಂಗಳಿಗೊಮ್ಮೆ ಬಿಪಿ ನೋಡೋಕೆ ಮನೆ ಮನೆಗೆ ಬರ್ತಾಳೆ. ಅವಳೇ ನನಗೆ ದಾರಿ ತೋರಿಸಿದ್ದು.

“ಅಮ್ಮಾ, ನಡೆಯೋವಾಗ ಮೈಭಾರ ಎಲ್ಲ ಮೊಣಕಾಲಿನ ಮೇಲೆ. ಸೈಕಲ್ಲಿನಲ್ಲಿ ಸೀಟು ಅದನ್ನ ಹೊರುತ್ತೆ. ಎಲ್ಲರಿಗೂ ಅಂತ ಹೇಳಲ್ಲ, ನಿಮ್ಮ ಕಾಲು ನೋಡಿದ್ರೆ ನಿಮಗೆ ಒಗ್ಗುತ್ತೆ. ಡಾಕ್ಟರನ್ನೂ ಒಂದು ಮಾತು ಕೇಳಿ, ಆಮೇಲೆ ಹತ್ತಿ.”

ಕೇಳಿದೆ, ಹತ್ತಿದೆ. ಕೂತಲ್ಲೇ ತುಳಿಯೋದು ನನಗೇನು ಹೊಸದಾ? ಮೂವತ್ತು ವರ್ಷದಿಂದ ಮಿಷನ್ ತುಳಿದವಳು! ಎರಡು ವರ್ಷ ದಿನಾ ಹೋಗಿಬಂದೆ. ಅಕ್ಕನ ಪಕ್ಕ ಕೂತು ನಾನೊಬ್ಬಳೇ ಬಡಬಡಾಂತ ಮಾತಾಡ್ತಿದ್ದೆ. ಅವಳು ಕೇಳ್ತಿದ್ದಳು. ನನ್ನ ಮಾತು ಕೇಳೋಕೆ ಇಡೀ ದಿನದಲ್ಲಿ ಇದ್ದವಳು ಅವಳೊಬ್ಬಳೇ.

ಆಮೇಲೆ ನಮ್ಮ ಪಟ್ಟಣದ ಕಚೇರಿಯವರಿಗೆ ಸೈಕಲ್ ಮೇಲೆ ಪ್ರೀತಿ ಉಕ್ಕಿತು. “ಸೈಕಲ್ ಸ್ನೇಹಿ ಪಟ್ಟಣ” ಅಂತ ಒಂದು ಬೋರ್ಡ್ ನೆಟ್ಟರು. ರಸ್ತೆಯ ಅಂಚಿಗೆ ಬಿಳಿ ಗೆರೆ ಎಳೆದು ಸೈಕಲ್ಲಿನ ಚಿತ್ರ ಬರೆದರು. ನಾನೂ ಹಿಗ್ಗಿದೆ. ಎರಡೇ ದಿನ. ಮೂರನೇ ದಿನದಿಂದ ಆ ಗೆರೆಯ ಒಳಗೆ ಕಾರು, ವ್ಯಾನು, ಅಂಗಡಿಯ ಖಾಲಿ ಡಬ್ಬ, ಎಲ್ಲ ಬಂದು ಕೂತವು. ಮೊದಲು ರಸ್ತೆಯಲ್ಲಿ ಎಲ್ಲರ ಜೊತೆ ಹೋಗ್ತಿದ್ದೆ, ಈಗ ಹೋದರೆ “ನಿಮಗೆ ಬೇರೆ ದಾರಿ ಮಾಡಿದ್ದಾರಲ್ಲ, ಇಲ್ಯಾಕೆ ಬಂದ್ರಿ?” ಅಂತ ಹಾರ್ನ್ ಬೇರೆ. ಹಳಿಯ ಕೆಳಗಿನ ದಾರಿಯಲ್ಲಿ “ಸೈಕಲ್ ಇಳಿದು ತಳ್ಳಿಕೊಂಡು ಹೋಗಿ” ಅಂತ ಇನ್ನೊಂದು ಬೋರ್ಡು. ಇಳಿದು ನಡೆಯೋ ಹಾಗಿದ್ದಿದ್ದರೆ ನಾನು ಯಾಕಪ್ಪಾ ಹತ್ತುತ್ತಿದ್ದೆ!

ಒಂದು ದಿನ ಬಿದ್ದೆ. ಮೊಣಕೈ ತರಚಿತು, ಸೊಂಟ ಉಳುಕಿತು. ಮೆಟ್ಟಿಲಲ್ಲಿ ಜಾರಿದೆ ಅಂತ ಮಗನಿಗೆ ಸುಳ್ಳು ಹೇಳಿದೆ. ಸೈಕಲ್ಲನ್ನ ಹಿತ್ತಲಿನ ಗೋಡೆಗೆ ಒರಗಿಸಿದೆ. ಅದರ ಮೇಲೆ ಒದ್ದೆ ಪರದೆ ಒಣಹಾಕೋಕೆ ಶುರುಮಾಡಿದೆ. ಟ್ಯಾಕ್ಸಿಯವನನ್ನ ಕೇಳಿದರೆ “ಇಷ್ಟು ಹತ್ತಿರಕ್ಕೆ ಬರಲ್ಲ” ಅಂದ. ಬಸ್ಸಿಳಿದು ನಡೆಯೋಕೆ ಹೋಗಿ ಅರ್ಧ ದಾರಿಯಲ್ಲಿ ಯಾರದೋ ಕಾಂಪೌಂಡಿನ ಕಟ್ಟೆಯ ಮೇಲೆ ಕೂತು, ಹಾಗೇ ವಾಪಸ್ ಬಂದೆ. ದಿನ ಕಳೆದಷ್ಟೂ ಅಕ್ಕನಿಗೆ ಮುಖ ತೋರಿಸೋಕೆ ನಾಚಿಕೆ ಜಾಸ್ತಿಯಾಯ್ತು. ನಾಲ್ಕು ಗಂಟೆ ಆಯ್ತು ಅಂದರೆ ನನ್ನ ಕಾಲು ಮಿಷನ್ ಮೇಲೆ ತಾನಾಗಿ ನಿಂತುಬಿಡೋದು. ಆ ಒಂದು ಗಂಟೆ ಹೇಗೆ ಕಳೀತಿದ್ದೆ ಅಂತ ಹೇಳೋಕಾಗಲ್ಲ.

ಮಗ ಒಳ್ಳೆಯವನೇ. ಆದರೆ ಬಾಯಿ ಸ್ವಲ್ಪ ಉದ್ದ. “ಅಮ್ಮ, ಈ ವಯಸ್ಸಿಗೆ ಸೈಕಲ್ ಯಾಕೆ? ಬಿಟ್ಟಿದ್ದೇ ಒಳ್ಳೇದಾಯ್ತು. ದೊಡ್ಡಮ್ಮಂಗೆ ನೀನು ಹೋದ್ರೂ ಗೊತ್ತಾಗಲ್ಲ, ಹೋಗದಿದ್ರೂ ಗೊತ್ತಾಗಲ್ಲ” ಅಂದ. ನಾನು ಮಿಷನ್ ಇನ್ನೂ ಜೋರಾಗಿ ತುಳಿದೆ.

ಹೀಗೇ ಮೂರು ತಿಂಗಳು ಹೋಯ್ತು. ಒಂದು ಬೆಳಗ್ಗೆ ನರ್ಸ್ ಬಂದಳು. ಮಗ ಹೊರಡೋ ಮುಂಚೆ ಊಟ ಮಾಡ್ತಾ ಇದ್ದ. ನನ್ನ ತೋಳಿಗೆ ಪಟ್ಟಿ ಸುತ್ತುತ್ತಾ ಅವಳಂದಳು, “ಕೇಳಿದ್ರಾ? ಕಚೇರಿಯವರು ಮೂಲೆಯಲ್ಲಿ ಒಬ್ಬನನ್ನ ನಿಲ್ಲಿಸಿ ಒಂದು ದಿನ ಪೂರ್ತಿ ಎಣಿಸಿದರಂತೆ. ಹೋಗಿದ್ದು ಹನ್ನೊಂದೇ ಸೈಕಲ್. ಯಾರಿಗೂ ಬೇಡ ಅಂತ ಗೆರೆ ಅಳಿಸ್ತಾರಂತೆ.”

“ಅಳಿಸಲಿ ಸಿಸ್ಟರ್!” ಮಗ ತಟ್ಟೆಯಿಂದ ತಲೆ ಎತ್ತಿದ. “ಹನ್ನೊಂದು ಜನಕ್ಕೆ ಅಷ್ಟು ರಸ್ತೆ ಬರೆದುಕೊಡ್ತಾರಾ? ಸೈಕಲ್ ಬೇಕು ಅನ್ನೋರು ಇದ್ದಿದ್ರೆ ಓಡಿಸ್ತಿದ್ರು.”

“ಬಾಗಿಲು ಹಾಕಿದ ಅಂಗಡಿ ಮುಂದೆ ನಿಂತು ಗಿರಾಕಿ ಎಣಿಸಿದ ಹಾಗಾಯ್ತಲ್ಲಪ್ಪಾ ಇದು,” ಅಂದಳು ನರ್ಸ್. “ನಾನು ಮನೆಗಳ ಒಳಗೆ ಹೋಗೋಳು. ಇವತ್ತು ಈ ಬೀದಿಯಲ್ಲಿ ಹತ್ತು ಮನೆ ನೋಡಿದೆ. ಏಳು ಮನೆಯಲ್ಲಿ ಸೈಕಲ್ ಇದೆ. ಒಂದರ ಮೇಲೆ ಟವೆಲ್, ಒಂದರ ಮೇಲೆ ಈರುಳ್ಳಿ ಚೀಲ. ಯಾವುದಕ್ಕೂ ಗಾಳಿ ಇಲ್ಲ. ಯಾಕೆ ನಿಲ್ಲಿಸಿದ್ರಿ ಅಂತ ಕೇಳಿದೆ. ಮೂಲೆ ಮನೆ ಮೇಷ್ಟ್ರ ಚಕ್ರ ಚರಂಡಿಯ ಕಂಬಿ ಸಂದಿಯಲ್ಲಿ ಸಿಕ್ಕಿ ಮುಂದಿನ ಹಲ್ಲು ಹೋಯ್ತಂತೆ. ಆಸ್ಪತ್ರೆ ಗುಡಿಸೋ ಆಕೆ ಮಾರ್ಕೆಟ್ಟಿನಲ್ಲಿ ಬೀಗ ಹಾಕೋಕೆ ಒಂದು ಕಂಬ ಸಿಗದೆ ಗೋಡೆಗೆ ಒರಗಿಸಿ ಹೋದರೆ, ಬರೋಷ್ಟರಲ್ಲಿ ಸೈಕಲ್ಲೇ ಇಲ್ಲ. ಅಣ್ಣನ ಹಳೇದು ತಂದಿಟ್ಟುಕೊಂಡಿದ್ದಾಳೆ, ಹೊರಗೆ ತೆಗೆಯೋಕೆ ಧೈರ್ಯ ಇಲ್ಲ. ಒಬ್ಬೊಬ್ಬರೂ ತಮಗೊಬ್ಬರಿಗೇ ಹೀಗಾಯ್ತು ಅಂದ್ಕೊಂಡು ಮನೆಯೊಳಗೆ ಸುಮ್ಮನೆ ಕೂತಿದ್ದಾರೆ.” ಹಿತ್ತಲ ಕಡೆ ನೋಡಿದಳು. “ನೀವು ಯಾಕೆ ನಿಲ್ಲಿಸಿದ್ರಿ ಜಿಪ್ಪಮ್ಮ?”

“ವಯಸ್ಸಾಯ್ತಲ್ಲ,” ಅಂದ ಮಗ.

ಅಷ್ಟು ದಿನ ತಡೆದುಕೊಂಡಿದ್ದೆ. ಅವತ್ತು ಆಗಲಿಲ್ಲ.

“ವಯಸ್ಸೂ ಅಲ್ಲ, ಮೆಟ್ಟಿಲೂ ಅಲ್ಲ. ದಿನಸಿ ಅಂಗಡಿ ಮುಂದೆ ಗೆರೆಯ ಮೇಲೆ ಒಂದು ವ್ಯಾನ್ ನಿಂತಿತ್ತು. ದಾಟೋಕೆ ನಡುರಸ್ತೆಗೆ ಬಂದೆ. ಹಿಂದಿನಿಂದ ಲಾರಿ ಹಾರ್ನ್ ಹೊಡೀತು, ಬೆಚ್ಚಿ ಹ್ಯಾಂಡಲ್ ತಿರುಗಿಸಿ ಬಿದ್ದೆ. ಅಕ್ಕನಿಗೆ ಅಂತ ಹೊಲಿದ ಅಂಗಿ ಚೀಲದಲ್ಲಿತ್ತು. ಲಾರಿ ಚಕ್ರ ಆ ಚೀಲದ ಮೇಲೆ ಹೋಯ್ತು. ನನ್ನ ತಲೆಗೂ ಅದಕ್ಕೂ ಒಂದು ಗೇಣು.”

ಮಗ ಧಡಕ್ಕನೆ ಎದ್ದ. “ಯಾವನಮ್ಮ ಅವನು, ಗೆರೆ ಮೇಲೆ ನಿಲ್ಲಿಸಿದವನು? ವ್ಯಾನಿನ ನಂಬರ್ ನೋಡಿದ್ಯಾ?”

“ನೋಡೋದೇನು ಬಂತು. ದಿನಾ ಬೆಳಗ್ಗೆ ನಾನೇ ಗಾಜು ಒರೆಸೋ ವ್ಯಾನು.”

ಅವನ ಮುಖ ನೋಡೋಕಾಗಲಿಲ್ಲ ನನಗೆ. ಅವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

“ಎರಡೇ ನಿಮಿಷ ಅಂತ ನಿಲ್ಲಿಸೋದಮ್ಮ... ಟ್ರೇ ಇಳಿಸೋಕೆ... ನೀನು ಯಾಕೆ ಕೂಗಲಿಲ್ಲ?”

“ನೀನು ಅಂಗಡಿ ಒಳಗಿದ್ದೆ. ಹೊರಗೆ ಬರೋದರೊಳಗೆ ಎದ್ದು ಗಲ್ಲಿಗೆ ಹೋದೆ. ಗೊತ್ತಾದ್ರೆ ಆಮೇಲೆ ನೀನು ನೆಮ್ಮದಿಯಾಗಿ ವ್ಯಾನ್ ಓಡಿಸ್ತಿದ್ಯಾ?”

ನರ್ಸ್ ನನ್ನ ತೋಳಿನ ಪಟ್ಟಿ ಬಿಚ್ಚಿದಳು. ಬಿಪಿ ಎಷ್ಟು ಅಂತ ಹೇಳಲೂ ಇಲ್ಲ. “ಇವನೊಬ್ಬನ ತಪ್ಪಲ್ಲಮ್ಮ,” ಅಂದಳು ಮೆಲ್ಲಗೆ. “ಬರೀ ಬಣ್ಣ ಯಾರನ್ನ ತಡೆಯುತ್ತೆ? ಸೈಕಲ್ಲಿಗೆ ದಾರಿ ಬೇಕು ಅಂದರೆ ವ್ಯಾನಿಗೂ ನಿಲ್ಲೋಕೆ ಜಾಗ ಕೊಡಬೇಕು. ಇಬ್ಬರನ್ನೂ ಕೇಳದೆ ಗೆರೆ ಎಳೆದರೆ ಹೀಗೇ ಆಗೋದು.”

ಮಾರನೇ ದಿನ ಮಗ ನನ್ನನ್ನ ವ್ಯಾನಿನಲ್ಲೇ ಕೂರಿಸಿಕೊಂಡು ಹೊರಟ. ಅಂಗಡಿ ಅಂಗಡಿ ಸುತ್ತಿ ಆರೈಕೆ ಕೇಂದ್ರ ಮುಟ್ಟೋವಾಗ ಐದೂ ಹತ್ತು. ಗೇಟ್ ಹಾಕಿತ್ತು. ಕಾವಲುಗಾರ ಕೈಯಾಡಿಸಿ ಇಲ್ಲ ಅಂದ. ಮಗ ವ್ಯಾನ್ ತಿರುಗಿಸಿದ.

ಆಮೇಲೆ ನರ್ಸಿನ ಜೊತೆ ಸೇರಿ ಅವನೇ ಬೆಳಗ್ಗೆ ಬೆಳಗ್ಗೆ ಮನೆ ಮನೆ ತಿರುಗಿದ. ಮೂರು ಬೀದಿಯಲ್ಲಿ ಅರವತ್ತೆರಡು ನಿಂತ ಸೈಕಲ್. ಪ್ರತಿಯೊಂದರ ಎದುರಿಗೂ ಯಾಕೆ ನಿಂತಿತು, ಎಲ್ಲಿ ನಿಂತಿತು ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದರು. ಆ ಪುಸ್ತಕ ಹಿಡಿದು ಪಟ್ಟಣದ ಸಭೆಗೆ ಹೋದೆವು. ಎಂಜಿನಿಯರ್ ಸಾಹೇಬರು ಹನ್ನೊಂದು, ಹನ್ನೊಂದು ಅಂತ ಅದನ್ನೇ ಹೇಳ್ತಿದ್ದರು. ಮಗ ಎದ್ದು ನಿಂತ. “ಸ್ವಾಮಿ, ಹನ್ನೆರಡನೆಯವರು ಇಲ್ಲಿದ್ದಾರೆ, ನಮ್ಮಮ್ಮ. ಇವರನ್ನ ರಸ್ತೆಯಿಂದ ಆಚೆ ಹಾಕಿದ್ದು ನನ್ನ ವ್ಯಾನು. ಗೆರೆ ಅಳಿಸಬೇಡಿ, ಗಟ್ಟಿ ಮಾಡಿ. ನಮಗೆ ಟ್ರೇ ಇಳಿಸೋಕೆ ಪಕ್ಕದ ಗಲ್ಲಿಯಲ್ಲಿ ಜಾಗ ಕೊಡಿ.” ಎಂಜಿನಿಯರ್ ಸಾಹೇಬರು ಪುಸ್ತಕ ಇಸಕೊಂಡು ಓದಿದರು, ಗೆರೆ ಅಳಿಸಲ್ಲ ಅಂತ ಒಪ್ಪಿದರು.

ಕೆಲಸ ಆಗೋಕೆ ಇನ್ನೆರಡು ತಿಂಗಳು ಹಿಡೀತು. ಗೆರೆಯ ಉದ್ದಕ್ಕೂ ಮೊಣಕಾಲೆತ್ತರದ ಕಂಬ ಬಂತು. ಚರಂಡಿ ಕಂಬಿಗಳನ್ನ ಅಡ್ಡಡ್ಡ ತಿರುಗಿಸಿದರು, ಈಗ ಚಕ್ರ ಸಿಗಲ್ಲ. ಮಾರ್ಕೆಟ್ಟಿನಲ್ಲೂ ಆರೈಕೆ ಕೇಂದ್ರದ ಗೇಟಿನಲ್ಲೂ ಬೀಗ ಹಾಕೋಕೆ ಕಬ್ಬಿಣದ ಬಳೆ ನೆಟ್ಟರು. ಹಳಿಯ ಕೆಳಗಿನ ಆ ಬೋರ್ಡ್ ಕಿತ್ತು, ದೀಪ ಹಾಕಿ, ಗಾಡಿಗಳು ನಿಧಾನ ಹೋಗೋ ಹಾಗೆ ಉಬ್ಬು ಹಾಕಿದರು. ಎಲ್ಲ ಸರಿಹೋಯ್ತು ಅಂತ ಹೇಳಲ್ಲ. ದೊಡ್ಡ ರಸ್ತೆ ದಾಟೋದು ಇವತ್ತಿಗೂ ಜೀವ ಕೈಯಲ್ಲಿ ಹಿಡಿದುಕೊಂಡೇ. ಅದಕ್ಕೂ ಅರ್ಜಿ ಕೊಟ್ಟಿದ್ದೀವಿ.

ಐದು ತಿಂಗಳಾದ ಮೇಲೆ ಅಕ್ಕನ ಕೋಣೆಗೆ ಹೋದೆ. ಮಂಚ ತಿರುಗಿತ್ತು. ಬಾಗಿಲಿಗೆ ಬೆನ್ನು, ಕಿಟಕಿಗೆ ಮುಖ.

“ಯಾಕೆ ಹೀಗೆ ಹಾಕಿದ್ದೀರಿ?” ಅಂತ ಅವಳನ್ನ ನೋಡಿಕೊಳ್ಳೋ ಆಯಾಳನ್ನ ಕೇಳಿದೆ.

ಆಕೆ ತಲೆ ತಗ್ಗಿಸಿದಳು. “ನಾಲ್ಕಾದರೆ ಬಾಗಿಲನ್ನೇ ನೋಡ್ತಾ ಇರೋರಮ್ಮ. ಐದಕ್ಕೆ ಗೇಟ್ ಹಾಕಿದ ಸದ್ದು ಕೇಳಿದರೆ ಕಣ್ಣೀರು. ದಿನಾ. ನಮಗೇ ನೋಡೋಕಾಗದೆ ಮಂಚ ತಿರುಗಿಸಿದ್ವಿ.”

ಸುತ್ತಿ ಹೋಗಿ ಎದುರಿಗೆ ಕೂತೆ. ಅಕ್ಕ ನನ್ನನ್ನ ತುಂಬ ಹೊತ್ತು ನೋಡಿದಳು. ಆಮೇಲೆ ಮುಖ ಆಚೆ ತಿರುಗಿಸಿಕೊಂಡಳು. ಬೈಯೋಕೆ ಬಾಯಿಲ್ಲ ಪಾಪ, ಅಷ್ಟೇ ಅವಳಿಗೆ ಆಗೋದು. ಮನೆಗೆ ಬಂದು ಮಗನಿಗೆ ಹೇಳಿದೆ, “ಗೊತ್ತಾಗುತ್ತೆ ಕಣೋ ಅವಳಿಗೆ. ಎಲ್ಲ ಗೊತ್ತಾಗುತ್ತೆ.” ಅವನು ಗೋಡೆ ಕಡೆ ತಿರುಗಿ ಅತ್ತ. ನಾನು ಮಾರನೇ ದಿನವೂ ಹೋದೆ, ಅದರ ಮಾರನೇ ದಿನವೂ ಹೋದೆ. ಒಂಬತ್ತನೇ ದಿನ ಅಕ್ಕ ನನ್ನ ಬೆರಳು ಹಿಡಿದಳು, ಬಿಡಲಿಲ್ಲ. ಮಂಚ ಬಾಗಿಲ ಕಡೆ ತಿರುಗಿಸಿ ಅಂತ ಆಯಾಗೆ ಹೇಳಿ ಬಂದೆ.

ಇದನ್ನ ಓದ್ತಿರೋರೇ, ಕೇಳ್ತಿರೋರೇ, ನಿಮ್ಮ ಊರಿನ ರಸ್ತೆ ಸೈಕಲ್ಲಿಗೆ ಒಳ್ಳೇದಾ ಅಂತ ಬೋರ್ಡ್ ನೋಡಿ ತಿಳ್ಕೋಬೇಡಿ. ಮೊಣಕಾಲು ನೋವಿನ ಹೆಂಗಸೊಬ್ಬಳು ಮನೆ ಬಾಗಿಲಿಂದ ಹೋಗೋ ಜಾಗದ ಬಾಗಿಲವರೆಗೆ ಇಳಿಯದೆ, ಹೆದರದೆ ಹೋಗಿ, ಬೀಗ ಹಾಕಿ, ವಾಪಸ್ ಬರೋ ಹಾಗಿದ್ದರೆ ಅದು ಒಳ್ಳೆಯ ರಸ್ತೆ. ಇಲ್ಲದಿದ್ದರೆ ನಿಮ್ಮ ಬೀದಿಯಲ್ಲಿ ನಿಂತಿರೋ ಸೈಕಲ್ಲುಗಳನ್ನ ಎಣಿಸಿ, ಯಾಕೆ ನಿಂತವು ಅಂತ ಬರೆದು, ನಾಲ್ಕು ಜನ ಸೇರಿ ಕಚೇರಿಗೆ ಕೊಡಿ. ಗಾಡಿ ಇದ್ದೋರು ಗೆರೆ ಬಿಟ್ಟು ನಿಲ್ಲಿಸಿ.

ನಿಮ್ಮ ಮನೆಯಲ್ಲೇ ಒಂದು ಸೈಕಲ್ ನಿಂತಿದ್ದರೆ, ಅದನ್ನ ಓಡಿಸ್ತಿದ್ದವರ ಹತ್ತಿರ ಇವತ್ತೇ ಕೂತು ಕೇಳಿ, ನೀವು ಎಲ್ಲಿಗೆ ಹೋಗ್ತಿದ್ರಿ ಅಂತ. ಅಲ್ಲಿ ಯಾರೋ ಇನ್ನೂ ಕಾಯ್ತಾ ಇರಬಹುದು.