ಗುರುಮಲ್ಲಮ್ಮನ ಕುತ್ತಿಗೆ ಬಗ್ಗುತ್ತದೆ

೧
ಎಲ್ಲಿಂದ ಶುರು ಮಾಡಲಿ? ಮೆದುಳು ಜ್ವರದ ರೋಗಾಣುವಿನ ಕಥೆಯೆಂದ ಮೇಲೆ ತಲೆ ಸಿಡಿಯಬೇಕು, ಕುತ್ತಿಗೆ ಸೆಟೆದುಕೊಳ್ಳಬೇಕು. ಹಾಗೇ ಒಂದು ಡ್ರಾಫ್ಟ್ ಬರೆದೆ. ಹಂಗಳದ ಗುರುಮಲ್ಲಮ್ಮ ಒಪ್ಪಲಿಲ್ಲ.

"ತಲೆ ನೋಯ್ತಿಲ್ಲ ಕಣಪ್ಪ. ಒಟ್ಟೆ ನೋಯ್ತದೆ."

(ಡ್ರಾಫ್ಟ್ ಹರಿದೆ. ರೋಗಗಳಿಗೆ ಪಠ್ಯಪುಸ್ತಕ ಓದುವ ಅಭ್ಯಾಸವಿಲ್ಲ.)

೨
ಚೆಂಡುಹೂ ಕೀಳುತ್ತಿದ್ದಾಗ ಆಕೆಗೆ ಚಳಿ ಹಿಡಿಯಿತು. ಆಮೇಲೆ ವಾಂತಿ, ಬಲ ಕಿಬ್ಬೊಟ್ಟೆಯಲ್ಲಿ ನೋವು. ಗಂಡ ಚಿಕ್ಕಮಲ್ಲಪ್ಪ ಬೈಕಿನಲ್ಲಿ ಗುಂಡ್ಲುಪೇಟೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಚಾಮರಾಜನಗರದ ಒಂದು ಆಸ್ಪತ್ರೆಗೆ ಕರೆತಂದರು. ಸರ್ಜನ್ ಸೋಮಶೇಖರ್ ಹೊಟ್ಟೆ ಒತ್ತಿ ನೋಡಿ, "ಅಪೆಂಡಿಕ್ಸ್. ಥಿಯೇಟರ್ ರೆಡಿ ಮಾಡಿ" ಎಂದರು.

ನನಗೂ ಸರಿಯೆನಿಸಿತು. ಕಥೆಗೆ ವೇಗ ಬರುತ್ತಿತ್ತು.

೩
ಡ್ಯೂಟಿ ಡಾಕ್ಟರ್ ರಂಜಿನಿಯನ್ನು ನಾನು ಕರೆಸಿದ್ದು ಬಿಪಿ ನೋಡಿ ಹೊರಟುಹೋಗಲೆಂದು, ಒಂದೇ ಸಾಲಿಗೆ. ಅವರು ಹೊರಡಲಿಲ್ಲ. ಬಿಪಿ ತೀರಾ ಇಳಿದಿತ್ತು, ಕೈಕಾಲು ತಣ್ಣಗಿದ್ದವು. ಸೀರೆಯ ಅಂಚು ಸರಿಸಿದರೆ ಮೊಣಕಾಲ ಕೆಳಗೆ ನೇರಳೆ ಚುಕ್ಕೆಗಳು. ಗಾಜಿನ ಲೋಟ ಇಟ್ಟು ಒತ್ತಿದರು. ಚುಕ್ಕೆ ಮಾಸಲಿಲ್ಲ; ಚರ್ಮದೊಳಗೆ ರಕ್ತ ಸೋರಿತ್ತು.

"ಸರ್, ಇದು ಮೆನಿಂಗೊಕಾಕಸ್ ಇರಬಹುದು. ರಕ್ತಕ್ಕೆ ಸೇರಿದೆ." (ನನ್ನ ಮೆದುಳು ಜ್ವರದ ರೋಗಾಣು ಇದೇ.)

"ಕುತ್ತಿಗೆ ಆರಾಮಾಗಿ ಬಗ್ತಿದೆಯಲ್ರೀ?"

"ಮೆದುಳಿಗೆ ಹೋಗದೇನೂ ಇರುತ್ತೆ, ಸರ್. ಕೆಲವರಲ್ಲಿ ಬರೀ ಹೊಟ್ಟೆನೋವಾಗಿ ಶುರುವಾಗುತ್ತೆ. ಕಲ್ಚರ್ ಪರೀಕ್ಷೆಗೆ ರಕ್ತ ತಗೊಂಡು ಈಗಲೇ ಆಂಟಿಬಯೋಟಿಕ್ ಕೊಡೋಣ. ರಿಪೋರ್ಟಿಗೆ ಕಾದರೆ ಇವರು ಉಳಿಯಲ್ಲ."

"ಕುಯ್ಯದಾದ್ರೆ ಕುಯ್ರಿ, ಬುಡದಾದ್ರೆ ಬುಡಿ," ಚಿಕ್ಕಮಲ್ಲಪ್ಪ ಬಾಗಿಲಲ್ಲೇ ಕೂಗಿದರು. "ನೀವಿಬ್ರೂ ಮಾತಾಡ್ತಾ ನಿಂತ್ರೆ ನನ್ನೆಂಡ್ರು ಓಯ್ತಳೆ!"

ಸೋಮಶೇಖರ್ ಗ್ಲೌಸ್ ಕಳಚಿದರು. "ಕೊಡಿ."

೪
ಒಂದು ಅಂತ್ಯ: ಹೊಟ್ಟೆ ಕುಯ್ದರು. ಅಪೆಂಡಿಕ್ಸ್ ಚೆನ್ನಾಗಿತ್ತು. ಗುರುಮಲ್ಲಮ್ಮ ತೀರಿಕೊಂಡರು.

"ಅದ ಒಡ್ದಾಕು," ಎಂದರು ಗುರುಮಲ್ಲಮ್ಮ, ಐಸಿಯುವಿನಿಂದ. ಹೊಡೆದುಹಾಕಿದೆ.

ಇನ್ನೊಂದು: ಪೂರ್ತಿ ಗುಣವಾಯಿತು, ಎಲ್ಲರಿಗೂ ಸಿಹಿ ಹಂಚಿದರು. ಇದನ್ನು ರಂಜಿನಿ ಹೊಡೆದುಹಾಕಿದರು. ಕಲ್ಚರ್‌ನಲ್ಲಿ ಮೆನಿಂಗೊಕಾಕಸ್ಸೇ ಬೆಳೆದಿತ್ತು ನಿಜ. ಕತ್ತರಿ ಮುಟ್ಟದೆ ಹೊಟ್ಟೆನೋವು ಹೋಗಿದ್ದೂ ನಿಜ. ರೋಗ ಹರಡದಂತೆ ಮನೆಯವರಿಗೆಲ್ಲ ಮಾತ್ರೆ ಕೊಟ್ಟಾಗಿತ್ತು. ಆದರೆ ರಕ್ತ ಹರಿಯದೆ ಬಲಗಾಲಿನ ಬೆರಳುಗಳು ಕಪ್ಪಾದವು. ತೆಗೆಯಬೇಕಾಯಿತು.

೫
ಬ್ಯಾಂಡೇಜ್ ಬಿಚ್ಚಿದ ದಿನ ಗುರುಮಲ್ಲಮ್ಮ ಕಾಲನ್ನು ಬಹಳ ಹೊತ್ತು ನೋಡಿದರು. ಅಳಲಿಲ್ಲ. ಮಂಚದಿಂದ ಇಳಿದರು.

"ನಾನಿಡ್ಕತಿನಿ, ಬಾ," ಎಂದರು ಚಿಕ್ಕಮಲ್ಲಪ್ಪ.

"ಕೈ ಬುಡು. ಬಿದ್ರೆ ಆವಾಗ ಇಡ್ಕೊ."

(ನೀವು ಕಣ್ಣೊರೆಸಿಕೊಳ್ಳಲೆಂದು ಇಲ್ಲಿ ಒಂದು ವಾಕ್ಯ ಇಟ್ಟಿದ್ದೆ. ಆಕೆ ನನ್ನನ್ನು ನೋಡಿದ ರೀತಿಗೆ ತೆಗೆದೆ.)

ಗುರುಮಲ್ಲಮ್ಮ ಎಡಗಾಲು ಮುಂದಿಟ್ಟರು. ಬಲಗಾಲಿನ ವಿಷಯ ನಾನು ಬರೆಯುವುದಿಲ್ಲ; ಅದು ಆಕೆಯೇ ಇಡಬೇಕಾದ ಹೆಜ್ಜೆ.