ಕೊರಡಿನ ಮೇಲೆ ಕೈ

ಕೀಲು ಎಲ್ಲಿದೆ ಎಂದು ಮಚ್ಚಿಗೇ ಗೊತ್ತಾಗುತ್ತದೆ, ಒತ್ತಬೇಕಿಲ್ಲ, ಎತ್ತಿ ಬಿಟ್ಟರೆ ಸಾಕು, ಕಚ್ — ಕೊರಡಿನ ಮೇಲೆ ಕುರಿಯ ತೊಡೆ ಎರಡಾಯಿತು, ಶೃತಿಯ ಕೆನ್ನೆಗೆ ರಕ್ತ ಸಿಡಿಯಿತು, ಒರೆಸಿಕೊಳ್ಳಲಿಲ್ಲ, ಶೆಟ್ಟಿಹಳ್ಳಿ ಚರ್ಚಿನ ಹಿಂದೆ ಸುಗ್ಗಿ ಹಬ್ಬದ ಅಡುಗೆ, ಮುಂದೆ ಮೈಕಿನಲ್ಲಿ ಪಾಸ್ಟರ್, ನಮ್ಮ ಚರ್ಚಿಗೆ ಹೊಸ ಚಾವಣಿ ಹಾಕಿಸಿಕೊಟ್ಟ ಅನಂತರಾಜು ಅವರಿಗೆ ಹಾರ — ಚಪ್ಪಾಳೆ, ಕಚ್, ಅನಂತರಾಜು, ಹಿರೇಹಳ್ಳಿ ಫ್ಯಾಕ್ಟರಿಯ ಸಾಹುಕಾರ, ಅವನ ಪ್ರೆಸ್ ಮಿಷನ್ನೇ ಅಲ್ಲವೇ ತನ್ನ ಗಂಡ ಅಂಜನ್‌ನ ಎರಡೂ ಕೈ ತಿಂದದ್ದು, ಕೈ ಅಡ್ಡ ಬಂದರೆ ತಾನಾಗಿ ನಿಲ್ಲಬೇಕಿದ್ದ ಮಿಷನ್, ಪದೇ ಪದೇ ನಿಂತರೆ ಮಾಲು ಕಡಿಮೆಯಾಗುತ್ತದೆಂದು ಸೆನ್ಸರಿನ ವೈರು ಕೀಳಿಸಿದವನು ಇವನೇ, ಸಾರ್ ಡೇಂಜರ್ ಸಾರ್ ಅಂದಿದ್ದ ಅಂಜನ್, ಡೇಂಜರಾದ್ರೆ ಗೇಟ್ ಅಲ್ಲೈತೆ ನೋಡ್ಲಾ ಅಂದಿದ್ದ ಇವನು. ಬೆರಳುಗಳನ್ನು ಆಸ್ಪತ್ರೆಗೆ ತಂದದ್ದು ತರಕಾರಿ ಕವರಿನಲ್ಲಿ, ನೀಲಿ ಕವರು, ಒಂದು ಬೆರಳಿಗೆ ಮದುವೆಯ ಉಂಗುರ ಇನ್ನೂ ಅಂಟಿಕೊಂಡಿತ್ತು, ಅದನ್ನು ಬಿಡಿಸಿಕೊಂಡವಳು ತಾನೇ, ಎಂಜಲು ಹಚ್ಚಿ, ತಿರುಗಿಸಿ, ತಿರುಗಿಸಿ — ಕಚ್. ಕುಡ್ದು ಬಂದಿದ್ದ ಅಂತ ಪೊಲೀಸರ ಮುಂದೆ ಹೇಳಿದ ಅನಂತರಾಜು, ಒಂದು ತೊಟ್ಟು ಮುಟ್ಟದವನನ್ನು, ಅಷ್ಟಕ್ಕೇ ಕೇಸು ಮುಗಿಯಿತು. ಗುಬ್ಬಿಯಿಂದ ಬಂದ ಅತ್ತೆ ದೊಡ್ಡಗಂಗಮ್ಮ ಮಗನ ಮೊಂಡು ತೋಳು ಹಿಡಿದು ಅರಚಿದಳು, ಮನೆದೇವ್ರನ್ನ ಬುಟ್ಟು ಬಂದ್ರಲ್ಲೇ, ಎಲ್ಲವ್ನೆ ನಿಮ್ ಯೇಸು, ಆ ಹಾಳಾದೋನು ಕುಣಿಗಲ್ ಕೆರೆ ಎದುರ್ಗೆ ಬಂಗ್ಲೆ ಕಟ್ಟವ್ನೆ, ನನ್ ಮಗ ಮುಖದ್ ಮೇಲಿನ್ ನೊಣ ಓಡ್ಸಕ್ ಆಗ್ದೆ ಕುಂತವ್ನೆ ಕಣೇ — ಅದನ್ನೇ ಶೃತಿಯೂ ಕೇಳಿದ್ದಳು ಪಾಸ್ಟರನ್ನು, ದುಷ್ಟರು ಜಾರೋ ನೆಲದ ಮೇಲೆ ನಿಂತಿರ್ತಾರಮ್ಮ, ಅವರ ಕೊನೆ ನೋಡು ಅಂದಿದ್ದರು, ಅದೇ ಬಾಯಿ ಈಗ ಮೈಕಿನಲ್ಲಿ, ಅದೇ ಕೈಯಲ್ಲಿ ಹಾರ. ಸ್ವಾಮಿ, ನಿನ್ನ ಕೈಗೂ ಮೊಳೆ ಹೊಡೆದರಲ್ಲ, ಹೊಡೆದವರು ಸಂಜೆ ಮನೆಗೆ ಹೋಗಿ ಕೈ ತೊಳೆದು ಉಂಡಿರುತ್ತಾರೆ, ನಿದ್ದೆಯೂ ಬಂದಿರುತ್ತದೆ, ಆವತ್ತೂ ಸುಮ್ಮನಿದ್ದೆ ನೀನು, ಇವತ್ತೂ — ಬೆಳಿಗ್ಗೆ ಅಂಜನ್ ಎರಡು ಮೊಂಡುಗಳನ್ನು ಜೋಡಿಸಿ ಪ್ರಾರ್ಥಿಸುತ್ತಿದ್ದ, ಅನಂತರಾಜುನ್ನೂ ಕ್ಷಮಿಸಪ್ಪಾ ಅಂದ, ಕ್ಷಮಿಸಪ್ಪಾ ಅಂತೆ, ಅವಳು ಅವನ ಕಪಾಳಕ್ಕೆ ಬಾರಿಸಿದಳು, ಮತ್ತೊಂದು, ಮತ್ತೊಂದು, ಅಡ್ಡ ಹಿಡಿಯಲು ಅವನಿಗೆ ಕೈಯೇ ಇರಲಿಲ್ಲ.

ಏನಮ್ಮಾ, ಮಟನ್ ಎಳೇದೈತಾ — ಯಾರು, ಅವನೇ, ಕೊರಳಲ್ಲಿ ಹಾರ, ಪಾಸ್ಟರನ್ನೂ ಜನರನ್ನೂ ಹಿಂದಿಟ್ಟುಕೊಂಡು ಅಡುಗೆ ನೋಡಲು ಬಂದವನು, ಅವಳ ಗುರುತಿಲ್ಲ ಅವನಿಗೆ, ಬಗ್ಗಿ ಕೊರಡಿನ ಮೇಲೆ ಕೈಯೂರುತ್ತಾನೆ, ಕುರಿಯ ಮಾಂಸದ ಪಕ್ಕದಲ್ಲೇ ಕೈ, ಬೆಳ್ಳಗೆ, ದಪ್ಪಗೆ, ಐದು ಬೆರಳು, ಮಣಿಕಟ್ಟಿನ ಕೀಲು ಅಲ್ಲೇ, ಒಂದೇ ಏಟು, ನೀಲಿ ಕವರು, ಎತ್ತಿದಳು, ಎತ್ತಿದ್ದು ತಾನೋ ಮಚ್ಚೋ, ತಲೆಗಿಂತ ಮೇಲೆ, ಕೆಳಗೆ ಆ ಕೈ, ಮೊಳೆಗೆ ಕಾದಂತೆ ಬೆರಳು ಚಾಚಿಕೊಂಡು, ಅಂಜನ್‌ನದೂ ಹೀಗೇ ಇತ್ತಲ್ಲ, ಬೆಚ್ಚಗೆ, ಹೀಗೇ ನಂಬಿ ಇಟ್ಟಿದ್ದ ಮಿಷನ್ನಿನ ಕೆಳಗೆ, ಸ್ವಾಮಿ ಈ ಕೈ ಯಾರದು, ಬಿಡು ಸ್ವಾಮಿ, ನನ್ನ ರಟ್ಟೆ ಬಿಡು — ಕಚ್. ಮಚ್ಚು ಹೆಬ್ಬೆರಳ ಪಕ್ಕದ ಮರದಲ್ಲಿ ಹೂತಿತು. ಅವನು ಹಿಂದಕ್ಕೆ ಹಾರಿದ, ಹಾರ ಕಿತ್ತುಹೋಯಿತು, ಹುಚ್ಚೀನಾ ನೀನು ಅಂದ, ಅವಳು ಕೂಗುತ್ತಿದ್ದಳು, ಗಂಟಲು ಹರಿಯುವಂತೆ, ಅಂಜನ್ ಹೆಂಡ್ತಿ ಕಣೋ ನಾನು, ಕುಡ್ದಿರ್ಲಿಲ್ಲ ಅವ್ನು, ವೈರ್ ಕೀಳ್ಸಿದ್ದು ನೀನು, ಹೇಳು ಇವ್ರ ಮುಂದೆ, ಹೇಳೋ. ಪಾಸ್ಟರ್ ತಲೆ ತಗ್ಗಿಸಿದರು, ಅವನು ಜಾರಲಿಲ್ಲ, ನೆಟ್ಟಗೆ ನಡೆದು ಕಾರು ಹತ್ತಿದ, ಆದರೆ ಆ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, ಎಲ್ಲರೂ ನೋಡಿದರು, ಶೃತಿ ನೋಡಲಿಲ್ಲ, ಅವಳು ನೋಡುತ್ತಿದ್ದದ್ದು ಕೊರಡನ್ನು, ಕೊಬ್ಬು ಮೆತ್ತಿದ ಮರದ ಮೇಲೆ ಅವನು ಊರಿಹೋದ ಕೈಯ ಅಚ್ಚು, ಐದು ಬೆರಳು, ಇಡೀ ಐದೂ, ಐದು —